ಲಾಗಿನ್ ಪೇಜಾ, ಪಿಪಿಪಿಒಇನಾ, ಐಪಿಒಇನಾ? 400 ಮನೆಗೆ ಯಾವ್ದು ಇಡೋದು ಹೇಳಿ ಮಾರಾಯ್ರೆ

ಘಟ್ಟದ_ಫೈಬರ್:

ಎಲ್ರಿಗೂ ನಮಸ್ಕಾರ. ಸಿರ್ಸಿ ಕಡೆ ಒಂದು ಲೋಕಲ್ ಕೇಬಲ್ ಆಪರೇಟರ್ ಹತ್ರ ಕೆಲ್ಸ ಮಾಡ್ತೀನಿ, ಕೆಲ್ಸ ಅಂದ್ರೆ ಕಂಬ ಹತ್ತೋದ್ರಿಂದ ಹಿಡ್ದು ಸರ್ವರ್ ರೀಸ್ಟಾರ್ಟ್ ಮಾಡೋವರೆಗೂ ಎಲ್ಲಾ ನಾನೇ. ಒಂದು 8 ಪೋರ್ಟಿನ ಜಿಪಾನ್ ಒಎಲ್‌ಟಿ (ಮನೆಮನೆ ಫೈಬರೆಲ್ಲ ಬಂದು ಸೇರೋ ಪೆಟ್ಟಿಗೆ, ಅದ್ರ ಒಂದೊಂದು ಪಾನ್ ಪೋರ್ಟಿಗೆ ಹತ್ತಾರು ಮನೆ), ಒಂದು ಮೈಕ್ರೋಟಿಕ್ ರೂಟರ್ (ಎಲ್ರನ್ನೂ ನೆಟ್ಟಿಗೆ ಬಿಡೋದು ಅದೇ), ಮೂಲೇಲಿ ಒಂದು ಹಳೇ ಡೆಸ್ಕ್‌ಟಾಪ್ ಮೇಲೆ ಫ್ರೀರೇಡಿಯಸ್ (ಐಡಿ ಪಾಸ್ವರ್ಡ್ ಸರಿನಾ ಅಂತ ನೋಡೋ ಸಾಫ್ಟ್‌ವೇರ್), ಹತ್ರಹತ್ರ 400 ಮನೆ. ಈಗಿರೋದು ವೆಬ್ ಲಾಗಿನ್, ಅಂದ್ರೆ ಹಾಟ್‌ಸ್ಪಾಟ್ ಪೇಜು, ಅದ್ರಲ್ಲಿ ಯೂಸರ್‌ನೇಮ್ ಪಾಸ್ವರ್ಡ್ ಹಾಕಿದ್ಮೇಲೆ ನೆಟ್ ಓಪನ್.

ತಲೆನೋವು ಎಂತ ಅಂದ್ರೆ, ಬೆಳಿಗ್ಗೆ ಆದ್ರೆ ಸಾಕು ಫೋನು, "ತಮ್ಮಾ ಆ ಪೇಜ್ ಬರ್ತಾನೇ ಇಲ್ಲ", ಟಿವಿ ಮಾತ್ರ ಇರೋ ಮನೇಲಿ ಆ ಪೇಜ್ ತೆಗ್ಯೋದು ಹೆಂಗೆ ಅಂತ ನಂಗೂ ಗೊತ್ತಿಲ್ಲ. ಅದಕ್ಕೆ ಮ್ಯಾಕ್ ಕುಕೀ ಆನ್ ಮಾಡ್ದೆ, ಒಂದ್ಸಲ ಲಾಗಿನ್ ಆದ ರೂಟರ್‌ನ ಮ್ಯಾಕ್ (ಪ್ರತಿ ಡಬ್ಬಕ್ಕೂ ಇರೋ ನೆಟ್‌ವರ್ಕ್ ನಂಬರ್) ನೆನ್ಪಿಟ್ಕೊಂಡು ತಾನೇ ಒಳಗೆ ಬಿಡತ್ತೆ. ಎರಡು ತಿಂಗ್ಳು ನೆಮ್ಮದಿ ಇತ್ತು. ಹೋದ ವಾರ ಲಾಗ್ ನೋಡ್ತೀನಿ, ಒಂದೇ ಮ್ಯಾಕ್ ಅಡ್ರೆಸ್ಸು ಬೆಳಿಗ್ಗೆ 3ನೇ ಪಾನ್ ಪೋರ್ಟಲ್ಲಿ, ರಾತ್ರಿ 5ನೇ ಪಾನ್ ಪೋರ್ಟಲ್ಲಿ! ರೂಟರ್‌ಗೆ ಕಾಲು ಬಂತಾ ಅಂದ್ಕೊಂಡೆ.

ಈಗ ಬಾಸ್ ಹೇಳೋದು ಪಿಪಿಪಿಒಇ ಹಾಕು (ರೂಟರ್ರೇ ಐಡಿ ಪಾಸ್ವರ್ಡ್ ಕೊಟ್ಟು ಡಯಲ್ ಮಾಡೋದು) ಅಂತ. ಒಎಲ್‌ಟಿ ಮಾರೋಕೆ ಬಂದವ್ರು ಹೇಳೋದು ಅದೆಲ್ಲ ಹಳೇ ಕಾಲದ್ದು, ಐಪಿಒಇ ಮತ್ತೆ ಆಪ್ಷನ್ 82 ಹಾಕಿ (ಪಾಸ್ವರ್ಡ್ ಇಲ್ಲ, ಯಾವ ಲೈನಿಂದ ಬಂತು ಅಂತ ನೋಡಿ ಬಿಡೋದು) ಅಂತ. ನನ್ ಫ್ರೆಂಡ್ ಒಬ್ಬ ಹೇಳೋದು ಎಂತಕ್ಕೂ ಬೇಡ, ಒಎನ್‌ಯು (ಮನೇಲಿ ಫೈಬರ್ ಬಂದು ಸೇರೋ ಡಬ್ಬ) ಸೀರಿಯಲ್ ನಂಬರ್ ಒಎಲ್‌ಟಿಲಿ ರಿಜಿಸ್ಟರ್ ಆಗಿರತ್ತಲ್ಲ ಅಷ್ಟೇ ಸಾಕು ಅಂತ. ಒಬ್ಬೊಬ್ರು ಒಂದೊಂದು ಲೇಯರ್ (ನೆಟ್‌ವರ್ಕಿನ ಹಂತ) ಹೇಳ್ತಾರೆ. ಯಾವ್ದ್ ಸರಿ?

ನೈಟ್‌ಶಿಫ್ಟ್_ನಾಕ್:

ಗುರು ಮೊದ್ಲು ಯಾವ್ ಲೇಯರ್ ಅನ್ನೋದು ಬಿಡು, ನೀನು ಗುರುತು ಹಿಡೀತಿರೋದು ಯಾರ್ನ ಅಂತ ಕೇಳ್ಕೋ. ಡಬ್ಬಾನಾ, ತಂತಿನಾ, ಮನುಷ್ಯನ್ನಾ? ಮೂರೂ ಬೇರೆಬೇರೆ, ಬಿಲ್ ಕಟ್ಟೋದು ಮಾತ್ರ ಮನುಷ್ಯ.

ನಿನ್ ಫ್ರೆಂಡ್ ಹೇಳಿದ್ದು ಡಬ್ಬಾ. ಜಿಪಾನ್ ಸೀರಿಯಲ್ ಅಂದ್ರೆ ಕಂಪನಿದು 4 ಅಕ್ಷರ ಪ್ಲಸ್ 8 ಹೆಕ್ಸ್ ಅಂಕಿ, ಅದು ಗುಟ್ಟೇನಲ್ಲ, ಒಎನ್‌ಯು ಬೆನ್ನ ಮೇಲೆ ಸ್ಟಿಕ್ಕರ್ ಅಂಟಿಸಿ ಕಳ್ಸಿರ್ತಾರೆ, ಸೀರಿಯಲ್ ಬದ್ಲಾಯಿಸೋಕೆ ಬಿಡೋ ಒಎನ್‌ಯುಗಳೂ ಮಾರ್ಕೆಟ್ಟಲ್ಲಿ ಇವೆ. ಒಎಲ್‌ಟಿಗೆ ಅದು ಬೇಕೇ ಬೇಕು ಯಾಕಂದ್ರೆ ಅಪ್‌ಸ್ಟ್ರೀಮಲ್ಲಿ ಯಾರು ಯಾವಾಗ ಮಾತಾಡ್ಬೇಕು ಅಂತ ಟೈಮ್ ಕೊಡ್ಬೇಕಲ್ಲ, ಆದ್ರೆ ದುಡ್ಡು ಕಟ್ದೇ ಇರೋರನ್ನ ಅಲ್ಲಿ ಕಟ್ ಮಾಡಕ್ ಹೋದ್ರೆ ಪ್ರತಿ ತಿಂಗ್ಳು ಒಎಲ್‌ಟಿ ಕಾನ್ಫಿಗ್ ಮುಟ್ಬೇಕಾಗತ್ತೆ. ಬಿಲ್ಲಿಂಗ್ ಸಾಫ್ಟ್‌ವೇರ್ ಜೊತೆ ಅದನ್ನ ಗಂಟ್ ಹಾಕೋ ಸಾಹಸ ಬೇಡ, ನಾನು ಮಾಡಿ ಕೈ ಸುಟ್ಕೊಂಡಿದೀನಿ.

ಈಗ ನಿನ್ ಲಾಗಿನ್ ಪೇಜ್. ನೋಡೋಕೆ ಮನುಷ್ಯನ್ನ ಕೇಳ್ದಂಗಿರತ್ತೆ, ಯೂಸರ್‌ನೇಮ್ ಪಾಸ್ವರ್ಡ್ ಎಲ್ಲಾ, ಅದು 7ನೇ ಲೇಯರ್ ಅಂತ ಪುಸ್ತಕದಲ್ಲಿ ಬರ್ದಿರ್ತಾರೆ. ಆದ್ರೆ ಪಾಸ್ವರ್ಡ್ ಸರಿ ಅಂತ ಆದ್ಮೇಲೆ ಮೈಕ್ರೋಟಿಕ್ ಏನ್ ಮಾಡತ್ತೆ? ಈ ಮ್ಯಾಕು, ಈ ಐಪಿ, ಒಳಗೆ ಬಿಡು ಅಂತ ಒಂದ್ ಸಾಲು ಬರ್ಕೊಳತ್ತೆ, ಅಷ್ಟೇ. ಬಾಗ್ಲಲ್ಲಿ ಆಧಾರ್ ಕಾರ್ಡ್ ನೋಡಿ ಆಮೇಲೆ ಕೆಂಪು ಶರ್ಟ್ ಹಾಕ್ಕೊಂಡೋರ್ನೆಲ್ಲ ಒಳಗೆ ಬಿಟ್ಟಂಗೆ. ಆ ಶರ್ಟು ರೂಟರ್‌ಲಿರೋ ಮ್ಯಾಕ್ ಕ್ಲೋನ್ ಬಟನ್ ಒತ್ತಿದ್ರೆ ಯಾರಿಗ್ ಬೇಕಾದ್ರೂ ಸಿಗತ್ತೆ. ಮ್ಯಾಕ್ ಕುಕೀ ಆನ್ ಮಾಡಿದ್ದು ನೀನೇ, ಪಾಸ್ವರ್ಡೂ ಕೇಳಲ್ಲ ಈಗ. ನಿನ್ 5ನೇ ಪೋರ್ಟ್ ಗಿರಾಕಿ 3ನೇ ಪೋರ್ಟ್ ಮನೆಯವ್ರ ರೂಟರ್ ತಳ ನೋಡಿದಾನೆ, ನೆಂಟನೋ ಫ್ರೆಂಡೋ ಇರ್ಬೇಕು. ಅವ್ರು ರಾತ್ರಿ ರೂಟರ್ ಆಫ್ ಮಾಡಿ ಮಲಗ್ತಾರೆ, ಇವ್ನು ಆನ್ ಮಾಡ್ತಾನೆ.

ಪೇಜ್ ಬರಲ್ಲ ಅನ್ನೋದಕ್ಕೂ ಕಾರಣ ಇದೆ. ಆ ರೀಡೈರೆಕ್ಟ್ ಕೆಲ್ಸ ಮಾಡೋದು ಬರೀ ಎಚ್‌ಟಿಟಿಪಿ ಮೇಲೆ, ಈಗ ಹತ್ರಹತ್ರ ಎಲ್ಲಾ ಸೈಟೂ ಬೀಗ ಹಾಕಿದ ಎಚ್‌ಟಿಟಿಪಿಎಸ್, ನಡುವೆ ಕೈ ಹಾಕಿದ್ರೆ ಬ್ರೌಸರ್ ಸರ್ಟಿಫಿಕೇಟ್ ಸರಿ ಇಲ್ಲ ಅಂತ ಕೂಗತ್ತೆ. ಫೋನ್‌ಗಳು ತಾವೇ ಒಂದು ಪರೀಕ್ಷೆ ಮಾಡ್ಕೊಳತ್ವೆ, ಆಂಡ್ರಾಯ್ಡ್ ಒಂದು ಅಡ್ರೆಸ್ ಕೇಳಿ 204 ಅಂತ ಉತ್ರ ಬರತ್ತಾ ನೋಡತ್ತೆ, ಬರ್ಲಿಲ್ಲ ಅಂದ್ರೆ ಸೈನ್ ಇನ್ ನೋಟಿಫಿಕೇಶನ್ ತೋರ್ಸತ್ತೆ. ಆದ್ರೆ ಮೊಬೈಲ್ ಡೇಟಾ ಆನ್ ಇದ್ರೆ ಮೆತ್ತಗೆ ಆ ಕಡೆ ಜಾರ್ಕೊಂಡ್ ಬಿಡತ್ತೆ, ಮನೆಯವ್ರಿಗೆ ವೈಫೈ ಬಂದಿಲ್ಲ ಅನ್ನೋದೇ ಗೊತ್ತಾಗಲ್ಲ, ಡೇಟಾ ಖಾಲಿ ಆದ್ಮೇಲೆ ನಿಂಗೆ ಫೋನು.

ಕಾಫಿ ಡೇ, ರೈಲ್ವೆ ಸ್ಟೇಶನ್, ಲಾಡ್ಜ್, ಇಂಥಾ ಕಡೆ ಲಾಗಿನ್ ಪೇಜ್ ಸರಿ, ಅಲ್ಲಿ ಬಂದು ಹೋಗೋರು ಯಾರು ಅಂತ ಒಟಿಪಿ ತಗೊಂಡು ಬರ್ದಿಡ್ಬೇಕು. ಮನೆ ಕನೆಕ್ಷನ್‌ಗೆ ತೆಗ್ದ್ ಬಿಸಾಕು.

ಹುಬ್ಳಿ_ಪ್ಯಾಕೆಟ್:

ಪಿಪಿಪಿಒಇ ಹಾಕ್ರಿ, ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ. 2005ರಾಗ ಬಿಎಸ್ಸೆನ್ನೆಲ್ ಡೇಟಾಒನ್ ಬಂದಾಗ ಎಕ್ಸ್‌ಪಿ ಡೆಸ್ಕ್‌ಟಾಪ್ ಮ್ಯಾಲೆ ಬ್ರಾಡ್‌ಬ್ಯಾಂಡ್ ಅಂತ ಒಂದು ಐಕಾನ್ ಇರ್ತಿತ್ತಲ್ರಿ, ಡಬಲ್ ಕ್ಲಿಕ್ ಮಾಡಿ ಕನೆಕ್ಟ್ ಅನ್ನೂದು, ಅದ ಇದು. ಅವಾಗ ಕಂಪ್ಯೂಟರ್ ಮಾಡ್ತಿದ್ದ ಕೆಲ್ಸ ಈಗ ರೂಟರ್ ಮಾಡ್ತೈತಿ. 1999ರಾಗ ಬಂದ ಇಂಟರ್ನೆಟ್ ದಾಖಲಿ ಆರ್‌ಎಫ್‌ಸಿ 2516, ಹಳೇದ ಖರೆ, ಆದ್ರ ನಮ್ಮಜ್ಜಿ ಒಳಕಲ್ಲೂ ಹಳೇದ.

ಹೆಂಗ ನಡೀತೈತಿ ಅಂದ್ರ, ರೂಟರ್ ಆನ್ ಆದ ಕೂಡ್ಲೆ ಪಿಎಡಿಐ ಅಂತ ಒಂದು ಬ್ರಾಡ್‌ಕಾಸ್ಟ್ ಒದರ್ತೈತಿ, "ಯಾರರೆ ಅದೀರೇನ್ರಿ?" ಅಂತ. ಸರ್ವರ್ ಪಿಎಡಿಒ ಕಳಸ್ತೈತಿ, "ನಾ ಅದೀನಿ". ರೂಟರ್ ಪಿಎಡಿಆರ್, "ಹಂಗಾರ ನಿಮ್ಮ ಹಂತ್ಯಾಕ ಬರ್ತೀನಿ", ಸರ್ವರ್ ಪಿಎಡಿಎಸ್, "ತಗೋ ನಿನ್ನ ಸೆಶನ್ ನಂಬರ್". ಇಷ್ಟರತನಕ ಐಪಿ ಅನ್ನೂದ ಇಲ್ಲ ನೋಡ್ರಿ, ಎಲ್ಲಾ ಈಥರ್ನೆಟ್ ಮ್ಯಾಲೆ. ಆಮ್ಯಾಲೆ ಪಿಪಿಪಿ ಒಳಗ ಪಾಸ್ವರ್ಡ್ ಕೇಳ್ತಾರ, ರೇಡಿಯಸ್ ಹೂಂ ಅಂದ ಮ್ಯಾಲನ ಐಪಿ ಕೊಡೂದು. ನಿಮ್ಮ ಲಾಗಿನ್ ಪೇಜ್‌ನ್ಯಾಗ ಮೊದ್ಲ ಐಪಿ ಕೊಟ್ಟು ಆಮ್ಯಾಲೆ ಯಾರಪಾ ನೀ ಅಂತ ಕೇಳ್ತೀರಿ. ಮನಿಯೊಳಗ ಕುಂದ್ರಿಸಿ ಚಾ ಕೊಟ್ಟ ಮ್ಯಾಲೆ ಹೆಸರ ಕೇಳಿದಂಗ.

ಎರಡನೇ ಲಾಭ, ಕಂಪ್ಲೇಂಟ್ ಬಂದಾಗ ಎಲ್ಲೆ ಕೆಟ್ಟೈತಿ ಅಂತ ಲಗೂನ ಗೊತ್ತಾಗ್ತೈತಿ. ವಿಂಡೋಸ್‌ನ್ಯಾಗ ಡಯಲ್ ಮಾಡಿಸಿ ನೋಡ್ರಿ, 651 ಬಂತಂದ್ರ ಒದರಿದ್ದು ಯಾರಿಗೂ ಕೇಳಿಲ್ಲ ಅಂತ ತಿಳ್ಕೋರಿ, ಫೈಬರ್ ಇಲ್ಲಾ ವಿಲ್ಯಾನ್ (ಒಂದ ತಂತ್ಯಾಗ ಬ್ಯಾರೆ ಬ್ಯಾರೆ ಮಾಡಿದ ನೆಟ್‌ವರ್ಕ್) ನೋಡ್ರಿ. 691 ಬಂತಂದ್ರ ಸರ್ವರ್ ತನಕ ಮುಟ್ಟೈತಿ, ಯೂಸರ್‌ನೇಮ್ ಪಾಸ್ವರ್ಡ್ ತಪ್ಪೈತಿ ಇಲ್ಲಾ ರೊಕ್ಕ ಮುಗದೈತಿ. ಕಂಬ ಹತ್ತೂ ಮೊದ್ಲ ಇದನ್ನ ಕೇಳಿದ್ರ ಅರ್ಧ ಕಂಬ ಉಳೀತಾವ.

ನಮ್ಮಲ್ಲೆ ಮೊದ್ಲ ಬರೀ ಡಿಎಚ್‌ಸಿಪಿ (ಕೇಳಿದವ್ರಿಗೆ ತಾನ ಐಪಿ ಕೊಡೂ ಪದ್ಧತಿ) ಇದ್ದಾಗ ಒಬ್ಬ ಗಿರಾಕಿ ಮನಿ ಪೇಂಟ್ ಮಾಡ್ಸಿ ರೂಟರ್ ವಾಪಸ್ ಹಾಕೂಮುಂದ ನಮ್ಮ ವೈರ್ ತಂದು ವ್ಯಾನ್ (ಹೊರಗಿನ) ಪೋರ್ಟ್ ಬಿಟ್ಟು ಲ್ಯಾನ್ (ಮನಿಯೊಳಗಿನ) ಪೋರ್ಟಿಗೆ ಚುಚ್ಚಿದ. ಅವನ ರೂಟರ್ ಓಣಿಗೆಲ್ಲಾ 192.168.0 ಅಂತ ಐಪಿ ಹಂಚಾಕ ಶುರು ಮಾಡ್ತು, ನಮ್ಮ ಸರ್ವರ್‌ಗಿಂತ ಅದ ಹತ್ತಿರ, ಅದ ಲಗೂ ಉತ್ತರ ಕೊಡ್ತಿತ್ತು! 30 ಮನಿ ನೆಟ್ ಬಂದ್, ಅವಂದೂ ಸೈತ. ಪೋರ್ಟ್ ಐಸೊಲೇಶನ್ (ಒಬ್ಬ ಗಿರಾಕಿ ಮಾತು ಇನ್ನೊಬ್ಬಂಗ ಮುಟ್ಟದಂಗ ಮಾಡೂದು) ಹಾಕಿರ್ಲಿಲ್ಲ, ನಮ್ಮದ ತಪ್ಪು. ಏನರೆ ಹಾಕ್ರಿ, ಅದೊಂದು ಮೊದ್ಲ ಹಾಕ್ರಿ.

ಒಂದ ಕಾಟ ಐತಿ, ಎಂಟಿಯು, ಅಂದ್ರ ಒಂದು ಪ್ಯಾಕೆಟ್ ಎಷ್ಟು ದೊಡ್ಡದು ಇರಬೋದು ಅನ್ನೂ ಮಿತಿ. 1500 ಬೈಟ್‌ನ್ಯಾಗ ಪಿಪಿಪಿಒಇಗೆ 6, ಪಿಪಿಪಿಗೆ 2, ಉಳಿದದ್ದು 1492. ಎಂಎಸ್‌ಎಸ್ (ಒಂದು ಪ್ಯಾಕೆಟ್‌ನ್ಯಾಗ ಹೋಗೂ ಡೇಟಾದ ಮಿತಿ) ಕ್ಲ್ಯಾಂಪ್ ಮಾಡಿ 1452ಕ್ಕ ಇಳಸ್ರಿ. ಇಲ್ಲಂದ್ರ ಗೂಗಲ್ ಬರ್ತೈತಿ, ಯಾವುದೋ ಒಂದು ಬ್ಯಾಂಕ್ ಸೈಟ್ ಮಾತ್ರ ಬರೂದಿಲ್ಲ, ಗಿರಾಕಿ ನಿಮ್ಮನ್ನ ಬೈತಾನ, ನೀವು ಬ್ಯಾಂಕಿನವ್ರನ್ನ ಬೈತೀರಿ.

ಮೈಸೂರ್‌ಪಾಕ್_ಮ್ಯೂನಿಕ್:

ಹುಬ್ಳಿಯವ್ರು ಬರ್ದಿದ್ದು ಓದಿ ನಗು ಬಂತು. ಇಲ್ಲಿ ಜರ್ಮನಿಲೂ ಅದೇ ಕಥೆ ಸಾರ್, ಡಾಯ್ಚ ಟೆಲಿಕಾಮ್ ಲೈನ್ ತಗೊಂಡು ಸ್ವಂತ ರೂಟರ್ ಹಾಕೋದಾದ್ರೆ ಇವತ್ತಿಗೂ ವಿಲ್ಯಾನ್ 7 ಮೇಲೆ ಪಿಪಿಪಿಒಇ ಡಯಲ್ ಮಾಡ್ಬೇಕು. ಹಾಗಾಗಿ ಮಾರೋಕೆ ಬಂದವ್ರು ಹಳೇ ಕಾಲದ್ದು ಅಂದ್ರೆ ನಂಬ್ಬೇಡಿ. ಆದ್ರೂ ನಾನು ಐಪಿಒಇ ಪರ, ಯಾಕೆ ಅಂತ ಹೇಳ್ತೀನಿ.

ಆಪ್ಷನ್ 82 ಅಂದ್ರೆ ಗ್ರಾಹಕರ ರೂಟರ್ ಡಿಎಚ್‌ಸಿಪಿ ಕೇಳಿದಾಗ ದಾರಿಲಿರೋ ಒಎಲ್‌ಟಿ ಅದರ ಬೆನ್ನಿಗೆ ಒಂದು ಚೀಟಿ ಅಂಟಿಸತ್ತೆ, ಇದು ಇಷ್ಟನೇ ಸ್ಲಾಟು, ಇಷ್ಟನೇ ಪಾನ್ ಪೋರ್ಟು, ಇಷ್ಟನೇ ಒಎನ್‌ಯು ಕಡೆಯಿಂದ ಬಂತು ಅಂತ. ಬಿಎನ್‌ಜಿ (ಎಲ್ಲಾ ಗ್ರಾಹಕರ ಸೆಶನ್ ನೋಡ್ಕೊಳ್ಳೋ ರೂಟರ್) ಆ ಚೀಟಿನೇ ಯೂಸರ್‌ನೇಮ್ ಥರ ರೇಡಿಯಸ್‌ಗೆ ಕಳಿಸತ್ತೆ. ಗ್ರಾಹಕರಿಗೆ ಪಾಸ್ವರ್ಡ್ ಅನ್ನೋದೇ ಇಲ್ಲ, ಅಂಗಡಿಯಿಂದ ಯಾವ ರೂಟರ್ ತಂದು ಚುಚ್ಚಿದ್ರೂ ನೆಟ್ ಬರತ್ತೆ. ಚೀಟಿ ಅಂಟಿಸೋದು ನಿಮ್ಮ ಪೆಟ್ಟಿಗೆ ಆದ್ದರಿಂದ ಮನೇಲಿ ಕೂತು ಅದನ್ನ ನಕಲಿ ಮಾಡೋಕಾಗಲ್ಲ, ಆದ್ರೆ ಗ್ರಾಹಕರೇ ಸುಳ್ಳು ಚೀಟಿ ಅಂಟಿಸಿ ಕಳಿಸಿದ್ರೆ ಒಎಲ್‌ಟಿ ಅದನ್ನ ಕಿತ್ತು ತನ್ನದನ್ನ ಹಾಕೋ ಹಾಗೆ ಸೆಟ್ ಮಾಡಿರ್ಬೇಕು, ಸುಮಾರು ಜನ ಇದನ್ನ ಮರೀತಾರೆ. ಎಂಟಿಯು ಪೂರ್ತಿ 1500. ಕಮ್ಮಿ ಬೆಲೆ ರೂಟರ್‌ಗೆ ಪಿಪಿಪಿಒಇ ಬಿಚ್ಚೋದು ಕಟ್ಟೋದು ಸಿಪಿಯು ಮೇಲೆ ಬಿದ್ರೆ ಜಾಸ್ತಿ ಸ್ಪೀಡಿನ ಪ್ಲಾನಲ್ಲಿ ಉಸಿರು ಕಟ್ಟತ್ತೆ, ಆ ಸಮಸ್ಯೆನೂ ಇಲ್ಲ.

ತೊಂದ್ರೆ ಏನಂದ್ರೆ ನೀವು ಗುರುತು ಹಿಡೀತಿರೋದು ತಂತಿನ. ಮಳೇಲಿ ಮರ ಬಿದ್ದು ಫೈಬರ್ ಕಿತ್ತೋಗಿ ಕತ್ತಲಲ್ಲಿ ಜೋಡಿಸೋವಾಗ ಒಂದು ಪಾನ್ ಪೋರ್ಟಿನ ಫೈಬರ್ ಇನ್ನೊಂದಕ್ಕೆ ಹೋಯ್ತು ಅಂದ್ಕೊಳ್ಳಿ, ಆ ಪೋರ್ಟಿನ ಎಲ್ಲರ ಚೀಟಿನೂ ಬದಲಾಯ್ತು, ರೇಡಿಯಸ್ ಕಣ್ಣಿಗೆ ಎಲ್ಲರೂ ಅಪರಿಚಿತರು. ಕೆಲವು ಒಎಲ್‌ಟಿಲಿ ಪೋರ್ಟ್ ಬದಲು ಒಎನ್‌ಯು ಸೀರಿಯಲ್ಲನ್ನೇ ಚೀಟಿಲಿ ಬರೆಸಬಹುದು, ಆಗ ಮತ್ತೆ ಡಬ್ಬಾಗೆ ಬಂದ್ರಿ. ಜೊತೆಗೆ ಲೈನ್ ಕಡಿದು ಹೋಗಿದ್ದು ಐಪಿಒಇಲಿ ತಕ್ಷಣ ಗೊತ್ತಾಗಲ್ಲ, ಲೀಸ್ (ಐಪಿ ಕೊಟ್ಟಿರೋ ಅವಧಿ) ಮುಗಿಯೋವರೆಗೂ ಸೆಶನ್ ಇದೆ ಅಂತಾನೇ ಇರತ್ತೆ. ಪಿಪಿಪಿಲಿ ಎಕೋ (ಇದೀಯಾ ಅಂತ ಆಗಾಗ ಕೇಳೋದು) ಇರತ್ತೆ, ಉತ್ತರ ಬರ್ಲಿಲ್ಲ ಅಂದ್ರೆ ಕಟ್.

ನಮ್ಮ ಆಫೀಸಲ್ಲಿ ಮೂರನೇದು ಒಂದಿದೆ, 802.1ಎಕ್ಸ್, ಸ್ವಿಚ್ ಪೋರ್ಟೇ ಸರ್ಟಿಫಿಕೇಟ್ ನೋಡದೆ ತೆರೆಯಲ್ಲ. ಅಮೆರಿಕದಲ್ಲಿ ಎಟಿಅಂಡ್‌ಟಿ ಮನೆ ಫೈಬರ್‌ಗೂ ಇದನ್ನ ಇಟ್ಟಿತ್ತು, ಅವರ ಗೇಟ್‌ವೇ ಒಳಗೇ ಸರ್ಟಿಫಿಕೇಟ್ ಇರ್ತಿತ್ತು, ಸ್ವಂತ ರೂಟರ್ ಹಾಕ್ಬೇಕು ಅನ್ನೋ ಹುಚ್ಚಿನವರು ಆ ಸರ್ಟಿಫಿಕೇಟನ್ನೇ ಹೊರಗೆ ತೆಗೆದ್ರು. 400 ಮನೆಗೆ ಅದು ಬೇಡ.

ಕುಡ್ಲ_ಗಿರಾಕಿ:

ನಾನು ಎಂಜಿನಿಯರ್ ಅಲ್ಲ ಮಾರಾಯ್ರೆ, ಬರೀ ದುಡ್ಡು ಕಟ್ಟುವವ. ಒಂದು ಮಾತು. ನಮ್ಮ ಕಡೆಯ ಒಬ್ರು ಪಿಪಿಪಿಒಇ ಅಂತ ಹಾಕಿದ್ರು, ಪಾಸ್ವರ್ಡ್ ಎಂತದು ಗೊತ್ತುಂಟಾ, ಎಲ್ರಿಗೂ 1234, ಯೂಸರ್‌ನೇಮ್ ನಮ್ಮ ಮೊಬೈಲ್ ನಂಬರ್. ಪಕ್ಕದ ಮನೆಯವರ ಮೊಬೈಲ್ ನಂಬರ್ ಯಾರಿಗೆ ಗೊತ್ತಿಲ್ಲ ಹೇಳಿ? ಇನ್ನೊಂದು, ರೂಟರ್ ರೀಸೆಟ್ ಆದ್ರೆ ನಮಗೆ ಪಾಸ್ವರ್ಡ್ ಗೊತ್ತಿರುವುದಿಲ್ಲ, ಭಾನುವಾರ ಫೋನ್ ಎತ್ತುವುದಿಲ್ಲ, ಇಡೀ ದಿನ ಮಕ್ಕಳ ಬೊಬ್ಬೆ ಕೇಳ್ತಾ ಕೂರುವುದು. ಯಾವ ಲೇಯರ್ ಆದ್ರೂ ಹಾಕಿ, ಒಂದು ಚೀಟಿಯಲ್ಲಿ ಬರೆದು ರೂಟರ್ ಅಡಿಗೆ ಅಂಟಿಸಿ ಹೋಗಿ.

ಘಟ್ಟದ_ಫೈಬರ್:

ಕುಡ್ಲದವ್ರೆ ನಮ್ಮಲ್ಲೂ ಪಾಸ್ವರ್ಡ್ 1234ನೇ ಇತ್ತು, ನಾಚ್ಕೆ ಆಯ್ತು ಓದಿ.

ಸರಿ, ಪಿಪಿಪಿಒಇನೇ ಅಂತ ಮನಸ್ಸು ಮಾಡಿದೀನಿ, ನಮ್ಮಲ್ಲಿ ಮಳೆಗಾಲದಲ್ಲಿ ಫೈಬರ್ ಕೀಳೋದು ವಾರಕ್ಕೆ ಎರಡ್ಸಲ, ತಂತಿ ನಂಬ್ಕೊಂಡ್ರೆ ಕೆಟ್ಟೆ. ಆದ್ರೆ ಮ್ಯಾಕ್ ಕದ್ದವ್ನು ನಾಳೆ ಪಾಸ್ವರ್ಡ್ ಕದೀತಾನೆ, ಅಥ್ವಾ ಅಣ್ಣ ತಮ್ಮ ಒಂದೇ ಐಡಿ ಎರಡು ಮನೇಲಿ ಹಾಕ್ಕೊಳ್ತಾರೆ, ಅದಕ್ಕೆಂತ ಮಾಡೋದು? ಒಂದು ಐಡಿಗೆ ಒಂದೇ ಸೆಶನ್ ಅಂತ ಫ್ರೀರೇಡಿಯಸ್‌ಲಿ ಹಾಕಿದ್ರೆ ಸಾಕಾ? ಕರೆಂಟ್ ಹೋಗಿ ಬಂದ್ರೆ 400 ರೂಟರ್ ಒಟ್ಟಿಗೆ ಒದರಿದ್ರೆ ನಮ್ ಡೆಸ್ಕ್‌ಟಾಪ್ ತಡ್ಕೊಳತ್ತಾ?

ನೈಟ್‌ಶಿಫ್ಟ್_ನಾಕ್:

ಒಂದೇ ಸೆಶನ್ ಅಂತ ಕಣ್ಮುಚ್ಚಿ ಹಾಕ್ಬೇಡ, ಕರೆಂಟ್ ಹೋಗೋ ಊರಲ್ಲಿ ಅದೇ ನಿನ್ ಕುತ್ತಿಗೆಗೆ ಬರತ್ತೆ. ಕರೆಂಟ್ ಹೋದಾಗ ರೂಟರ್ ಹೋಗಿಬರ್ತೀನಿ ಅಂತ ಹೇಳಿ ಸಾಯಲ್ಲ, ಗಪ್ ಅಂತ ಹೋಗತ್ತೆ. ನಿನ್ ಮೈಕ್ರೋಟಿಕ್‌ಗೂ ಅದೇ ಸಮಯಕ್ಕೆ ಕರೆಂಟ್ ಹೋಗಿ ಯುಪಿಎಸ್ ಕೈ ಕೊಟ್ರೆ ಸೆಶನ್ ಮುಗೀತು ಅಂತ ರೇಡಿಯಸ್‌ಗೆ ಹೇಳೋರೇ ಇಲ್ಲ. ಕರೆಂಟ್ ಬಂತು, ರೂಟರ್ ಡಯಲ್ ಮಾಡ್ತು, ರೇಡಿಯಸ್ ಡೇಟಾಬೇಸ್ ನೋಡಿ "ಈ ಐಡಿ ಆಗ್ಲೇ ಒಳಗಿದೆಯಲ್ಲ" ಅಂತ ತಳ್ಳತ್ತೆ. 400 ಮನೇಲೂ 691. ಪಾಸ್ವರ್ಡ್ ಸರಿ, ದುಡ್ಡೂ ಕಟ್ಟಿದಾರೆ, ಆದ್ರೂ ನೆಟ್ ಇಲ್ಲ. ರೂಟರ್‌ಗಳು ಸುಮ್ನಿರಲ್ಲ, ಮತ್ತೆ ಮತ್ತೆ ಕೇಳತ್ವೆ, ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್ ಗರಗರ ಅಂತ ಶುರು ಮಾಡತ್ತೆ, ಉತ್ರ ತಡ ಆಗತ್ತೆ, ಉತ್ರ ಬರ್ಲಿಲ್ಲ ಅಂತ ಮೈಕ್ರೋಟಿಕ್ ಅದನ್ನೇ ಮತ್ತೆ ಕಳ್ಸತ್ತೆ, ಕೆಲ್ಸ ಇನ್ನೂ ಜಾಸ್ತಿ. ನಮ್ಮಲ್ಲಿ ಇದನ್ನ ಜಾತ್ರೆ ಅಂತೀವಿ.

ಅದಕ್ಕೆ ಇಂಟೆರಿಮ್ ಅಪ್‌ಡೇಟ್ (ಸೆಶನ್ ಇನ್ನೂ ಇದೆ ಅಂತ ರೇಡಿಯಸ್‌ಗೆ ಹೇಳೋದು) 5 ನಿಮಿಷಕ್ಕೆ ಇಡು, 15 ನಿಮಿಷದಿಂದ ಸದ್ದಿಲ್ಲದ ಸೆಶನ್‌ನ ಸತ್ತಿದೆ ಅಂತ ಮುಚ್ಚೋ ಸ್ಕ್ರಿಪ್ಟ್ ಹಾಕು, ಮತ್ತೆ ಅದೇ ಮ್ಯಾಕ್‌ನಿಂದ ವಾಪಸ್ ಬಂದ್ರೆ ಹಳೇದನ್ನ ಮುಚ್ಚಿ ಒಳಗೆ ಬಿಡು. ಡೇಟಾಬೇಸ್‌ನ ಎಸ್‌ಎಸ್‌ಡಿ ಮೇಲಿಡು, ಬಾಸ್‌ಗೆ ಹೇಳು, ಒಂದು ದಿನದ ಬೈಗುಳಕ್ಕಿಂತ ಅಗ್ಗ.

ಐಡಿ ಹಂಚ್ಕೊಳ್ಳೋರಿಗೆ ಬೇರೆ ಉಪಾಯ. ಮ್ಯೂನಿಕ್ ಅವ್ರು ಹೇಳಿದ ಚೀಟಿ ಪಿಪಿಪಿಒಇಲೂ ಅಂಟಿಸ್ಬೋದು. ಒಎಲ್‌ಟಿಲಿ ಪಿಪಿಪಿಒಇ ಇಂಟರ್ಮೀಡಿಯೇಟ್ ಏಜೆಂಟ್ ಅಂತ ಇರತ್ತೆ, ಕೆಲವರು ಪಿಪಿಪಿಒಇ ಪ್ಲಸ್ ಅಂತಾರೆ, ಅದು ಪಿಎಡಿಐಗೇ ಲೈನ್ ಗುರುತು ಸೇರಿಸಿ ಕಳ್ಸತ್ತೆ. ಆಗ ಐಡಿ ಯಾರ್ದು ಅನ್ನೋದೂ ಗೊತ್ತು, ಯಾವ್ ತಂತಿಲಿ ಬಂತು ಅನ್ನೋದೂ ಗೊತ್ತು. ನಿನ್ ಸರ್ವರ್ ಅದನ್ನ ರೇಡಿಯಸ್‌ಗೆ ದಾಟಿಸತ್ತಾ ಅಂತ ಡೀಬಗ್ ಹಾಕಿ ಮೊದ್ಲು ನೋಡು. ಬಂದ್ರೆ, ತಾಳೆ ಆಗ್ಲಿಲ್ಲ ಅಂತ ತಳ್ಳೋಕೆ ಹೋಗ್ಬೇಡ, ನಿಮ್ಮೂರಲ್ಲಿ ಫೈಬರ್ ವಾರಕ್ಕೆರಡ್ಸಲ ಜಾಗ ಬದ್ಲಾಯಿಸತ್ತೆ ಅಂತೀಯ. ಬರ್ಕೊ ಅಷ್ಟೇ, ಬೆಳಿಗ್ಗೆ ಕಾಫಿ ಕುಡೀತಾ ಲಿಸ್ಟ್ ನೋಡು.

ಪಾಸ್ವರ್ಡ್ ವಿಚಾರ, ಪ್ಯಾಪ್ ಬೇಡ ಚ್ಯಾಪ್ ಹಾಕು ಅಂತ ಎಲ್ರೂ ಹೇಳ್ತಾರೆ. ಪ್ಯಾಪ್‌ನಲ್ಲಿ ಪಾಸ್ವರ್ಡ್ ಬಿಚ್ಚಿಟ್ಟಂಗೇ ತಂತಿ ಮೇಲೆ ಹೋಗತ್ತೆ, ಯಾರಾದ್ರೂ ಸುಳ್ಳು ಪಿಪಿಪಿಒಇ ಸರ್ವರ್ ಹಾಕಿ ಕೂತ್ರೆ ಓಣಿ ಪಾಸ್ವರ್ಡೆಲ್ಲ ಅವ್ನ ಕೈಗೆ. ಚ್ಯಾಪ್‌ನಲ್ಲಿ ತಂತಿ ಮೇಲೆ ಹೋಗಲ್ಲ, ಸರ್ವರ್ ಕಳ್ಸಿದ ಸವಾಲಿಗೆ ಅದನ್ನ ಸೇರ್ಸಿ ಲೆಕ್ಕ ಹಾಕಿದ ಹ್ಯಾಶ್ ಮಾತ್ರ ಹೋಗತ್ತೆ, ಆದ್ರೆ ಲೆಕ್ಕ ತಾಳೆ ನೋಡೋಕೆ ನಿನ್ ಸರ್ವರ್‌ಲಿ ಪಾಸ್ವರ್ಡ್ ಮೂಲರೂಪದಲ್ಲೇ ಇರ್ಬೇಕು. ಎರಡ್ರಲ್ಲೂ ಒಂದು ಬಾಗ್ಲು ತೆರೆದೇ ಇರತ್ತೆ. ನಾನಾದ್ರೆ ಚ್ಯಾಪ್ ಹಾಕಿ, ಪಾಸ್ವರ್ಡ್ ನಾನೇ ಯದ್ವಾತದ್ವಾ ಹುಟ್ಸಿ, ಆ ಡೆಸ್ಕ್‌ಟಾಪ್ ಇರೋ ರೂಮಿಗೆ ಬೀಗ ಹಾಕ್ತೀನಿ.

ಹುಬ್ಳಿ_ಪ್ಯಾಕೆಟ್:

ಜಾತ್ರಿ ಅಂದದ್ದು ಬರೋಬ್ಬರಿ ಐತಿ. ನಮ್ಮಲ್ಲೆ ಒಂದ್ಸಲ ಐಪಿಎಲ್ ಫೈನಲ್ ದಿನಾ ಆಗಿತ್ತು, ಆ ಸುದ್ದಿ ಬ್ಯಾಡ ಬಿಡ್ರಿ.

ಘಟ್ಟದವ್ರ, ಎಲ್ಲಾ ಒಮ್ಮೆಲೇ ಬದಲ ಮಾಡಬ್ಯಾಡ್ರಿ. ಹಾಟ್‌ಸ್ಪಾಟ್ ಇರೂ ಇಂಟರ್‌ಫೇಸ್ ಮ್ಯಾಲನ ಪಿಪಿಪಿಒಇ ಸರ್ವರ್ ಸೈತ ಓಡಸಬೋದು, ಎರಡರ ಈಥರ್‌ಟೈಪ್ (ಒಳಗಿರೂದು ಯಾವ ಜಾತಿ ಡೇಟಾ ಅಂತ ಹೇಳೂ ನಂಬರ್) ಬ್ಯಾರೆ, ಒಂದಕ್ಕೊಂದು ಬಡದಾಡೂದಿಲ್ಲ. ಒಂದು ಪಾನ್ ಪೋರ್ಟ್ ತಗೋರಿ, ಮನಿಮನಿಗೆ ಹೋಗಿ ರೂಟರ್ ಸೆಟ್ಟಿಂಗ್ ಬದಲ ಮಾಡ್ಕೋಂತ ಬರ್ರಿ, ಹಾಟ್‌ಸ್ಪಾಟ್ ಕಡೀಕ ಬಂದ್ ಮಾಡ್ರಿ.

ಘಟ್ಟದ_ಫೈಬರ್:

ಅಪ್‌ಡೇಟ್. 5ನೇ ಪಾನ್ ಪೋರ್ಟ್ ಮೊದ್ಲು ತಗೊಂಡೆ, ಬೇಕಂತ್ಲೇ. 41 ಮನೆ, ನಾಲ್ಕು ದಿನ ಹಿಡೀತು, ಅದ್ರಲ್ಲಿ ಒಂದು ದಿನ ಪೂರ್ತಿ ರೂಟರ್ ಅಡ್ಮಿನ್ ಪಾಸ್ವರ್ಡ್ ಹುಡುಕೋದ್ರಲ್ಲೇ ಹೋಯ್ತು. ಒಬ್ರ ಮನೇಲಿ ರೂಟರ್ ದೇವರ ಕೋಣೆಲಿ, ಸ್ನಾನ ಮಾಡಿ ಬಾ ಅಂದ್ರು. ಪ್ರತಿ ರೂಟರ್ ಅಡಿಗೂ ಐಡಿ ಪಾಸ್ವರ್ಡ್ ಬರ್ದು ಚೀಟಿ ಅಂಟಿಸಿ ಬಂದೆ ಕುಡ್ಲದವ್ರೆ, ಅದು ಸರಿಯೋ ತಪ್ಪೋ ನೈಟ್‌ಶಿಫ್ಟ್ ಅವ್ರು ಬೈಬೋದು.

ಲೈನ್ ಗುರುತು ರೇಡಿಯಸ್ ಡೀಬಗ್‌ಲಿ ಬರ್ತಾ ಇದೆ, ಈಗ ಸದ್ಯಕ್ಕೆ ಬರೀ ಬರ್ಕೊಳ್ತಾ ಇದೀನಿ. ಎಂಎಸ್‌ಎಸ್ ಕ್ಲ್ಯಾಂಪ್ ಹಾಕೋದು ಮರ್ತಿದ್ದೆ, ಮೊದ್ಲನೇ ಸಂಜೆನೇ ಒಂದು ಬ್ಯಾಂಕ್ ಸೈಟ್ ಬರ್ತಿಲ್ಲ ಅಂತ ಫೋನ್ ಬಂತು, ಹುಬ್ಳಿಯವ್ರ ಮುಖ ನೆನ್ಪಾಯ್ತು, ನೋಡಿಲ್ಲ ಆದ್ರೂ.

ಮೊನ್ನೆ ಸೋಮವಾರ 5ನೇ ಪೋರ್ಟಲ್ಲಿ ಹಾಟ್‌ಸ್ಪಾಟ್ ಬಂದ್ ಮಾಡ್ದೆ. ಮಂಗಳವಾರ ಬೆಳಿಗ್ಗೆ ಒಬ್ರು ಬಾಸ್‌ಗೆ ಫೋನ್ ಮಾಡಿ ಜೋರು ಗಲಾಟೆ, ನಿನ್ನೆ ರಾತ್ರಿಯಿಂದ ನೆಟ್ ಇಲ್ಲ, ಇದೆಂತ ಸರ್ವೀಸ್ ಅಂತ. ನಾನು ಬಿಲ್ಲಿಂಗ್ ತೆಗ್ದು ನೋಡಿದ್ರೆ ಅವ್ರ ಪ್ಲಾನ್ ಮುಗ್ದು ಐದು ತಿಂಗ್ಳಾಗಿದೆ. ಬಾಸ್ ಸ್ಕ್ರೀನ್ ನೋಡಿದ್ರು, ನನ್ ಮುಖ ನೋಡಿದ್ರು, ಫೋನು ನನ್ ಕೈಗೆ ಕೊಟ್ಟು ಟೀ ಕುಡ್ಯೋಕೆ ಹೋದ್ರು.